ಏನಾದರೂ ವಿಶೇಷ?

ಮುಚ್ಚಳ ಬಿಗಿಯಾಗಿದೆಯೇ ಎಂದು ಮೂರು ಸಲ ನೋಡಿ
ರವಿಕೆಯೊಳಗೆ ಇಟ್ಟುಕೊಂಡೆ, ಎದೆಯ ಎಡಕ್ಕೆ.
ಮೈಬಿಸಿ ಆರಬಾರದು, ಒಂದು ಗಂಟೆ ಮೀರಬಾರದು,
ಲ್ಯಾಬಿನ ಹುಡುಗಿ ಚೀಟಿಯಲ್ಲಿ ಬರೆದುಕೊಟ್ಟಿದ್ದಳು.
ಅಲ್ಲೇ ಒಂದು ಕೋಣೆಯಿದೆ ಅಂದಿದ್ದಳು ಕೂಡ.
ಹಾಲೇಶ ತಲೆಯೆತ್ತಿರಲಿಲ್ಲ.
ಹಾಗಾಗಿ ಆಯನೂರಿನಿಂದ ಸ್ಕೂಟರ್,
ಅವನು ಮುಂದೆ, ನಾನು ಹಿಂದೆ,
ನಮ್ಮಿಬ್ಬರ ನಡುವೆ ಬೆರಳುದ್ದದ ಡಬ್ಬಿ.

ಶಿವಮೊಗ್ಗ ಇನ್ನೇನು ಬಂತು ಅನ್ನುವಾಗ
ರೈಲ್ವೆ ಗೇಟು ಬಿತ್ತು.
ತಾಳಗುಪ್ಪದ ಗಾಡಿ. ಮೂವತ್ತೆಂಟನೇ ನಿಮಿಷ.

ಪಕ್ಕಕ್ಕೆ ಬೈಕು ತಂದು ನಿಲ್ಲಿಸಿದ ಕೆಂಚಪ್ಪ,
ದಿನಾ ಬೆಳಿಗ್ಗೆ ನನ್ನ ಡೇರಿಗೆ ಆರು ಲೀಟರು ಹಾಕುವವನು,
"ಏನ್ ಸೆಕ್ರೆಟರಿ ಅಕ್ಕ, ಗಂಡ ಹೆಂಡ್ತಿ ಪೇಟೆ ಕಡೆ!
ಏನಾದ್ರೂ ವಿಶೇಷನಾ?"

ವಿಶೇಷ.
ಮದುವೆಯಾದ ಮೂರನೇ ತಿಂಗಳಿಂದ ಈ ಪದ
ನನ್ನ ಹೊಟ್ಟೆಯ ಮೇಲೇ ಕಣ್ಣಿಟ್ಟು ಮಾತಾಡುತ್ತದೆ.
ಇವತ್ತೊಂದು ದಿನ ವಿಶೇಷ
ಅದಕ್ಕಿಂತ ಸ್ವಲ್ಪ ಮೇಲೆ, ಎಡಗಡೆ ಇತ್ತು.
ನಗು ಬಂತು. ಹಾಲೇಶನ ಬೆನ್ನು ಕಲ್ಲಾಗಿತ್ತು.

ಆರು ವರ್ಷ ನನ್ನದೇ ಸರದಿ.
ರಕ್ತ, ಥೈರಾಯ್ಡು, ದಿನ ಬಿಟ್ಟು ದಿನ ಸ್ಕ್ಯಾನಿಂಗು,
ಮೊಟ್ಟೆ ಬಲಿಯಿತೇ, ಬಿರಿಯಿತೇ ಎಂದು.
ನಳಿಕೆಗೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದ ದಿನ
ಮೇಜಿನ ಅಂಚು ಹಿಡಿದು ಹಲ್ಲು ಕಚ್ಚಿದ್ದೆ.
ಎರಡೂ ದಾರಿ ತೆರೆದಿವೆ ಅಂದರು.
ತೆರೆದ ದಾರಿಯಲ್ಲಿ ಯಾರು ಬರಬೇಕಿತ್ತು
ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.
ಅತ್ತೆ ನಸುಕಿಗೇ ಒಂದು ಲೋಟ ಕಷಾಯ ಇಡುತ್ತಿದ್ದಳು,
ಕುಡಿದು ಡೇರಿಗೆ ಓಡುತ್ತಿದ್ದೆ.

ಗೇಟು ಎದ್ದಿತು. ಐವತ್ತೊಂದನೇ ನಿಮಿಷಕ್ಕೆ
ದುರ್ಗಿಗುಡಿಯ ಮಹಡಿ ಮೆಟ್ಟಿಲು.
ಡಬ್ಬಿ ಕೊಟ್ಟೆ. ಎದೆಯ ಮೇಲೆ ಉಳಿಯಿತು
ದುಂಡಗೆ ಅದರ ಅಚ್ಚು.

ಸಂಜೆ ಡಾಕ್ಟರಮ್ಮ ಕಾಗದ ತಿರುಗಿಸಿ ತೋರಿಸಿದರು.
"ಮಿಲೀಗೆ ನಲವತ್ತು ಲಕ್ಷ. ಓಡಾಡುವವು ಇನ್ನೂ ಕಮ್ಮಿ."
"ನಲವತ್ತು ಲಕ್ಷ ಸಾಲದಾ ಮೇಡಂ?"
ಸೊಸೈಟಿಯಲ್ಲಿ ನಲವತ್ತು ಸಾವಿರ ಸಾಲವಿರುವ ನನ್ನ ಗಂಡ ಕೇಳಿದ.
ನಗಬಾರದಿತ್ತು. ಮೂವರೂ ನಕ್ಕೆವು.
ಕೆಲಸವೇನೆಂದರು. ಬೇಕರಿ ಭಟ್ಟಿ, ಹದಿನಾಲ್ಕು ವರ್ಷ.
(ಯಾರ ಯಾರದೋ ಮಕ್ಕಳ ಹೆಸರು
ಕೇಕಿನ ಮೇಲೆ ಬರೆಯುತ್ತಾನೆ, ಮುದ್ದಾದ ಅಕ್ಷರ.
ಅದನ್ನು ಹೇಳಲಿಲ್ಲ.)
ಅಷ್ಟು ಬಿಸಿ ಒಳ್ಳೆಯದಲ್ಲ, ಬೀಡಿ ಬಿಡಬೇಕು,
ನರವೊಂದು ಊದಿದೆ, ಸಣ್ಣ ಆಪರೇಷನ್ ಬೇಕಾದೀತು,
ಹೊಸದು ಹುಟ್ಟಿ ಬಲಿಯಲು ಮೂರು ತಿಂಗಳು,
ಆಗದಿದ್ದರೆ ತೊಳೆದು ಸೋಸಿ ಒಳಗೆ ಬಿಡುವುದುಂಟು,
ಅದೂ ಆಗದಿದ್ದರೆ ಒಂದನ್ನೇ ಆರಿಸಿ ಸೂಜಿಯಲ್ಲಿ ಮೊಟ್ಟೆಗೆ.
"ಆಗೇ ಆಗುತ್ತೆ ಅಂತ ನಾನು ಹೇಳಲ್ಲ.
ಮೊದಲು ಇನ್ನೊಂದು ಸಲ ಟೆಸ್ಟು. ಒಂದೇ ಕಾಗದ ನಂಬಬೇಡಿ."

ಅದು ನನಗೆ ಗೊತ್ತು.
ಹನ್ನೊಂದು ವರ್ಷ ಹಾಲಿನ ಡಿಗ್ರಿ ನೋಡಿದವಳು.
ಒಂದು ಹೊತ್ತಿನ ಹಾಲು ನೋಡಿ
ಹಸುವಿನ ಹಣೆಬರಹ ಬರೆಯುವುದಿಲ್ಲ.

ವಾಪಸು ಬರುವಾಗ ಗೇಟು ತೆರೆದೇ ಇತ್ತು.
ನನ್ನಂಥವಳನ್ನು ಕರೆಯಲು ಊರಲ್ಲೊಂದು ಪದವಿದೆ,
ಎರಡೇ ಅಕ್ಷರ,
ಮದುವೆಮನೆಯ ಅರಿಶಿನದ ತಟ್ಟೆ
ನನ್ನ ಕೈ ದಾಟಿ ಹೋಗುವಾಗ ಮೆಲ್ಲಗೆ ಕೇಳಿಸುವಂಥದು.
ಅವನಿಗೊಂದು ಹುಡುಕಿದೆ ದಾರಿಯುದ್ದಕ್ಕೂ.
ಇರುವುದು ಬೇರೆಯದೇ ಬೈಗುಳ,
ಅದು ಅವನಿಗೆ ಒಪ್ಪುವುದಿಲ್ಲ, ನಾನು ಬಲ್ಲೆ.
ಇಲ್ಲದಿದ್ದರೆ ಇಲ್ಲ. ಹೊಸದು ಮಾಡುವುದು ಬೇಡ.

ಜಗುಲಿಯಲ್ಲಿ ಚಪ್ಪಲಿ ಬಿಡುವ ಮೊದಲೇ ಅವನು
"ಅವ್ವಾ, ಕಮ್ಮಿ ಇರೋದು ನಂದು" ಅಂದ.
ಕುಕ್ಕರ್ ಎರಡು ಸೀಟಿ ಹೊಡೆಯಿತು.
ಅತ್ತೆ ಒಲೆ ಆರಿಸಿದಳು. ಏನೂ ಅನ್ನಲಿಲ್ಲ.

ಮಾರನೆಯ ನಸುಕು
ಲೋಟ ಅವನ ಮುಂದಿತ್ತು.
ಕುಡಿದು, ಮುಖ ಕಿವುಚಿ, ಬಚ್ಚಲಿಗೆ ಓಡಿ ಉಗುಳಿ ಬಂದು
"ಇಷ್ಟು ಕಹಿನಾ ಇದು?" ಅಂದ.

ಆರು ವರ್ಷ, ಅಂದೆ.
ಡೇರಿಗೆ ಹೊತ್ತಾಗಿತ್ತು.